ಹೈ-ರೆಸಲ್ಯೂಷನ್ ಲ್ಯಾಪ್‌ಟಾಪ್ ಬಂದ ಮೇಲೆ ಕಣ್ಣು ನೋವು: ತಪ್ಪು ಪಿಕ್ಸೆಲ್‌ದೋ, ಬೇರೆಯದೋ?

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ದಿನವಿಡೀ ಕೆಲಸ ಮಾಡಿದರೂ ಕಣ್ಣಿಗೆ ಏನೂ ಆಗುತ್ತಿರಲಿಲ್ಲ. ಹೊಸದು ಬಂತು, ಸ್ಕ್ರೀನ್ 4ಕೆ, ಫೋಟೋಗಳು ಫಳಫಳ ಹೊಳೆಯುತ್ತವೆ. ಆದರೆ ವಾರದೊಳಗೇ ಸಂಜೆಯಾದರೆ ಹುಬ್ಬಿನ ಮೇಲೆ ನೋವು, ಕಣ್ಣಿನಲ್ಲಿ ಉರಿ. ಹೊಸದಾಗಿ ಬಂದದ್ದು ಪಿಕ್ಸೆಲ್, ಅಂದರೆ ಸ್ಕ್ರೀನ್‌ನ ಚಿತ್ರ ಮೂಡಿಸುವ ಸಣ್ಣ ಚುಕ್ಕೆಗಳು, ತಾನೇ? ಹಾಗಾದರೆ ತಪ್ಪೂ ಪಿಕ್ಸೆಲ್‌ದೇ ಇರಬೇಕು.

ನಾನೂ ಹೀಗೇ ಅಂದುಕೊಂಡಿದ್ದೆ. ನನ್ನದು 14 ಇಂಚಿನ 4ಕೆ ಸ್ಕ್ರೀನ್. ರೆಸಲ್ಯೂಷನ್ ಇಳಿಸಿ 1920×1080 ಮಾಡಿದೆ. ನೋವು ಅರ್ಧ ಕಮ್ಮಿಯಾಯಿತು. ‘ಹೇಳಿರಲಿಲ್ವಾ, ಈ 4ಕೆ ಎಲ್ಲ ಕಣ್ಣಿಗೆ ಕೆಟ್ಟದ್ದು’ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಿಜ ಗೊತ್ತಾಗಿದ್ದು ಒಂದು ತಿಂಗಳ ಮೇಲೆ. ನೋವು ಕಮ್ಮಿಯಾಗಿದ್ದು ಪಿಕ್ಸೆಲ್ ಕಮ್ಮಿಯಾಗಿದ್ದರಿಂದ ಅಲ್ಲ, ಅಕ್ಷರ ದೊಡ್ಡದಾಗಿದ್ದರಿಂದ. ಉಳಿದರ್ಧ ನೋವು ನನ್ನ ಹಳೆಯ ಕನ್ನಡಕದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಆ ತಿಂಗಳು ಏನೇನು ಪರೀಕ್ಷೆ ಮಾಡಿದೆನೋ ಅದನ್ನೇ ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇನೆ. ನಾನು ಮಾಡಿದ ಕ್ರಮದಲ್ಲಿ ಅಲ್ಲ, ಮಾಡಬೇಕಾಗಿದ್ದ ಕ್ರಮದಲ್ಲಿ.

ಮೊದಲು ಪಿಕ್ಸೆಲ್‌ನ ವಿಚಾರಣೆ

ಒಳ್ಳೆಯ ದೃಷ್ಟಿ, ಅಂದರೆ 6/6 ಇರುವ ಕಣ್ಣು, ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬೇರೆ ಮಾಡಿ ನೋಡಬಲ್ಲದು. ಸ್ಕ್ರೀನ್ 50 ಸೆಂಟಿಮೀಟರ್ ದೂರ ಇದ್ದರೆ ಇದು ಸುಮಾರು 0.145 ಮಿಲಿಮೀಟರ್ ಆಗುತ್ತದೆ. ಇಂಚಿಗೆ 175 ಪಿಕ್ಸೆಲ್ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಒತ್ತಾಗಿದ್ದರೆ ಒಂದೊಂದೇ ಪಿಕ್ಸೆಲ್ ಕಣ್ಣಿಗೆ ಕಾಣುವುದಿಲ್ಲ. ಕೆಲವರ ಕಣ್ಣು 6/6ಗಿಂತ ಚುರುಕಾಗಿರುತ್ತದೆ, ಅವರಿಗೆ ಇನ್ನೂ ಸ್ವಲ್ಪ ಮೇಲಿನ ತನಕ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಸ್ಕ್ರೀನ್‌ಗಳ ಲೆಕ್ಕ ನೋಡಿ. 15.6 ಇಂಚಿನ ಹಳೆಯ 1366×768 ಸ್ಕ್ರೀನ್‌ನಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್. ಅದೇ ಅಳತೆಯಲ್ಲಿ 1920×1080 ಆದರೆ 141. ನನ್ನ 14 ಇಂಚಿನ 4ಕೆ, ಅಂದರೆ 3840×2160, ಆದರೆ 315.

ಪಿಕ್ಸೆಲ್ ಜಾಸ್ತಿಯಾದರೆ ಕಣ್ಣು ಜಾಸ್ತಿ ದುಡಿಯಬೇಕು ಅನ್ನುವುದು ಕೇಳಲು ಸರಿ ಅನ್ನಿಸುತ್ತದೆ. ಆದರೆ ಕಣ್ಣು ಪಿಕ್ಸೆಲ್ ಎಣಿಸುತ್ತಾ ಕೂರುವುದಿಲ್ಲ. ಅದಕ್ಕೆ ಬೇಕಾಗಿರುವುದು ಅಂಚು. ಅಕ್ಷರದ ಅಂಚು ಹರಿತವಾಗಿದ್ದರೆ ಫೋಕಸ್ ಸುಲಭವಾಗಿ ಕೂರುತ್ತದೆ. ಮಸುಕಾಗಿದ್ದರೆ ‘ಇನ್ನೂ ಸ್ವಲ್ಪ ಸರಿಮಾಡು’ ಅನ್ನುವ ಸೂಚನೆ ಹೋಗುತ್ತಲೇ ಇರುತ್ತದೆ. ಈ ಲೆಕ್ಕದಲ್ಲಿ ಹೈ-ರೆಸಲ್ಯೂಷನ್ ಸ್ಕ್ರೀನ್ ಕಣ್ಣಿಗೆ ಉಪಕಾರಿಯೇ.

ಕನ್ನಡ ಓದುವವರಿಗಂತೂ ಇದು ಚೆನ್ನಾಗಿ ಗೊತ್ತಾಗುತ್ತದೆ. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು ಅಷ್ಟೇ. ಬ–ಭ, ಪ–ಫ ಎಲ್ಲ ಹಾಗೇ. ಇಂಚಿಗೆ 100 ಪಿಕ್ಸೆಲ್ ಇರುವ ಸ್ಕ್ರೀನ್‌ನಲ್ಲಿ ಹೊಟ್ಟೆ ಸೀಳಿದ ಧ ಎಷ್ಟೋ ಸಲ ದ ಆಗಿಯೇ ಕಾಣುತ್ತದೆ, ಒತ್ತಕ್ಷರ ಕೆಳಗೊಂದು ಮಸಿ ಬೊಟ್ಟಿನ ಹಾಗೆ ಕೂತಿರುತ್ತದೆ. ನಾವು ಅಂದಾಜಿನ ಮೇಲೆ ಓದಿಕೊಂಡು ಹೋಗುತ್ತೇವೆ. ಒತ್ತಾದ ಸ್ಕ್ರೀನ್‌ನಲ್ಲಿ ಆ ಅಂದಾಜಿನ ಕೆಲಸ ಇಲ್ಲ.

ಹಾಗಾದರೆ ನೋವು ಯಾಕೆ ಬರುತ್ತದೆ? ಹೈ-ರೆಸಲ್ಯೂಷನ್ ಜೊತೆಗೆ ಬೇರೆ ಏನೇನೋ ಬಂದಿರುತ್ತದೆ. ಸಣ್ಣ ಅಕ್ಷರ, ತಪ್ಪು ಸ್ಕೇಲಿಂಗ್ (ಎಲ್ಲವನ್ನೂ ಎಷ್ಟು ಪಟ್ಟು ದೊಡ್ಡದಾಗಿ ತೋರಿಸಬೇಕು ಅನ್ನುವ ಸೆಟ್ಟಿಂಗ್), ಕನ್ನಡಿಯಂಥ ಮೇಲ್ಮೈ, ಓಎಲ್‌ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಸ್ಕ್ರೀನ್) ಆದರೆ ಕಾಣದ ಮಿನುಗು. ಹುಡುಕಬೇಕಾದದ್ದು ಇವುಗಳನ್ನು.

ಯಾವ ಥರದ ನೋವು?

‘ಕಣ್ಣು ನೋವು’ ಅಂದರೆ ಸಾಲದು. ಎರಡು ದಿನ ಸುಮ್ನೆ ಗಮನಿಸಿ, ಏನೂ ಬದಲಾಯಿಸಬೇಡಿ. ಯಾವಾಗ ಶುರುವಾಗುತ್ತದೆ, ಎಲ್ಲಿ ನೋಯುತ್ತದೆ, ಅಂತ ಬರೆದಿಟ್ಟುಕೊಳ್ಳಿ.

ಉರಿ, ಮರಳು ಬಿದ್ದ ಹಾಗೆ ಕಿರಿಕಿರಿ, ನೀರು ಸುರಿಯುವುದು ಇದ್ದರೆ ಅದು ಕಣ್ಣು ಒಣಗುತ್ತಿರುವ ಸೂಚನೆ. ಹೌದು, ಒಣಗಿದ ಕಣ್ಣೂ ನೀರು ಸುರಿಸುತ್ತದೆ. ಒಂದೆರಡು ಗಂಟೆ ಕಳೆದ ಮೇಲೆ ಹಣೆ, ಹುಬ್ಬಿನ ಹತ್ತಿರ ಭಾರ ಅನ್ನಿಸಿದರೆ, ಎದ್ದು ದೂರ ನೋಡಿದಾಗ ಮಸುಕು ಕಂಡರೆ, ಫೋಕಸ್ ಮಾಡುವ ಸ್ನಾಯು ದಣಿದಿದೆ ಅಂತ ಅರ್ಥ. ಅಲ್ಲಿ ಅಕ್ಷರದ ಗಾತ್ರ, ದೂರ, ಕನ್ನಡಕ ನೋಡಬೇಕು. ಕೂತ ಹತ್ತು ನಿಮಿಷಕ್ಕೇ ತಲೆನೋವೋ, ಹೊಟ್ಟೆ ತೊಳೆಸಿದ ಹಾಗೋ ಆದರೆ ಮಿನುಗು ಅಥವಾ ಅತಿ ಬೆಳಕಿನ ಮೇಲೆ ಅನುಮಾನ ಇಡಿ. ಕುತ್ತಿಗೆಯೂ ಜೊತೆಗೆ ನೋಯುತ್ತಿದ್ದರೆ ನೀವು ಮುಂದಕ್ಕೆ ಬಾಗುತ್ತಿದ್ದೀರಿ, ಇಲ್ಲವೇ ಗದ್ದ ಎತ್ತಿ ನೋಡುತ್ತಿದ್ದೀರಿ.

ಇದರಲ್ಲಿ ಯಾವುದೂ ಕಲ್ಲಿನ ಮೇಲೆ ಬರೆದದ್ದಲ್ಲ, ಒಂದರ ಜೊತೆ ಇನ್ನೊಂದು ಬೆರೆತೂ ಬರುತ್ತದೆ. ಎಲ್ಲಿಂದ ಶುರುಮಾಡಬೇಕು ಅನ್ನುವುದಕ್ಕೆ ಒಂದು ದಾರಿ ಸಿಗುತ್ತದೆ, ಅಷ್ಟೇ.

ಇನ್ನು ಮುಂದೆ ಒಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದಕ್ಕೂ ಕನಿಷ್ಠ ಎರಡು ದಿನ ಕೊಡಿ. ಒಂದೇ ರಾತ್ರಿ ಡಾರ್ಕ್ ಮೋಡ್ ಹಾಕಿ, ಬ್ರೈಟ್‌ನೆಸ್ ಇಳಿಸಿ, ನೀಲಿ ಬೆಳಕಿನ ಕನ್ನಡಕವನ್ನೂ ತಂದರೆ, ವಾಸಿಯಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಅಕ್ಷರದ ಗಾತ್ರ: ಸ್ಕೇಲು ಹಿಡಿದು ಅಳೆಯಿರಿ

ಹತ್ತರಲ್ಲಿ ಎಷ್ಟು ದೂರು ಇಲ್ಲೇ ಮುಗಿಯುತ್ತವೆ ಅಂತ ಲೆಕ್ಕ ಕೊಡಲಾರೆ. ಆದರೆ ಮೊದಲು ನೋಡಬೇಕಾದದ್ದು ಇದನ್ನೇ.

ವಿಂಡೋಸ್ ಹುಟ್ಟಿನಿಂದಲೂ ಇಂಚಿಗೆ 96 ಪಿಕ್ಸೆಲ್ ಅಂತ ಊಹಿಸಿಕೊಂಡು ಬಂದಿದೆ. ಸ್ಕೇಲ್ 100% ಅಂದರೆ ಆ ಊಹೆ. ಬ್ರೌಸರ್‌ನ ಮಾಮೂಲಿ ಅಕ್ಷರ 16 ಪಿಕ್ಸೆಲ್. ಅದರಲ್ಲಿ ಇಂಗ್ಲಿಷಿನ ಒಂದು ದೊಡ್ಡಕ್ಷರದ ಎತ್ತರ ಸುಮಾರು 11 ಪಿಕ್ಸೆಲ್ ಇರುತ್ತದೆ. ಇಂಚಿಗೆ 96 ಇದ್ದಾಗ ಅದು 3 ಮಿಲಿಮೀಟರ್. ನನ್ನ 315ರ ಸ್ಕ್ರೀನ್‌ನಲ್ಲಿ 100% ಇಟ್ಟರೆ 0.9 ಮಿಲಿಮೀಟರ್! ನಾನು ಇಟ್ಟಿದ್ದು 150%, ‘ಜಾಸ್ತಿ ಜಾಗ ಸಿಗುತ್ತದಲ್ಲ’ ಅಂತ. ಆಗ 1.3 ಮಿಲಿಮೀಟರ್. ಔಷಧಿ ಡಬ್ಬಿಯ ಮೇಲಿನ ಅಕ್ಷರವನ್ನು ದಿನಕ್ಕೆ ಎಂಟು ಗಂಟೆ ಓದಿದ ಹಾಗೆ.

ಪರದೆಯ ಅಕ್ಷರದ ಗಾತ್ರಕ್ಕೆ ಐಎಸ್‌ಒ 9241 ಅನ್ನುವ ಮಾನದಂಡ ಇದೆ. ಆರಾಮಾಗಿ ಓದಲು ಅಕ್ಷರದ ಎತ್ತರ ಕಣ್ಣಿಗೆ 20ರಿಂದ 22 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ 60ನೇ ಒಂದು ಭಾಗ) ಕೋನದಲ್ಲಿ ಕಾಣಬೇಕು, 16ಕ್ಕಿಂತ ಕೆಳಗೆ ಹೋಗಬಾರದು ಅನ್ನುತ್ತದೆ. ಕೋನದ ಗೊಡವೆ ಬೇಡ ಅನ್ನುವವರಿಗೆ ಸುಲಭದ ಲೆಕ್ಕ: ಕಣ್ಣಿನಿಂದ ಸ್ಕ್ರೀನ್‌ಗೆ ಎಷ್ಟು ಮಿಲಿಮೀಟರ್ ದೂರವೋ ಅದನ್ನು 170ರಿಂದ ಭಾಗಿಸಿ. 50 ಸೆಂಟಿಮೀಟರ್‌ಗೆ ಸುಮಾರು 2.9 ಮಿಲಿಮೀಟರ್, 60ಕ್ಕೆ 3.5. ಪೆನ್ಸಿಲ್ ಡಬ್ಬಿಯಲ್ಲಿರುವ ಸ್ಕೇಲನ್ನೇ ಸ್ಕ್ರೀನ್ ಮೇಲೆ ಹಗುರವಾಗಿ ಇಟ್ಟು ಒಂದು ಇಂಗ್ಲಿಷ್ ದೊಡ್ಡಕ್ಷರ ಅಳೆಯಿರಿ. (ಸೆಟ್ಟಿಂಗ್ಸ್‌ನಲ್ಲಿರುವುದಕ್ಕೂ ಸ್ಕೇಲ್ ಅಂತಲೇ ಹೆಸರು. ಒಂದು ಸ್ಕೇಲ್ ಸರಿಮಾಡಲು ಇನ್ನೊಂದು ಸ್ಕೇಲ್ ಬೇಕು.)

ಸ್ಕೇಲು ಸಿಗಲಿಲ್ಲವಾ? ಇನ್ನೊಂದು ಪರೀಕ್ಷೆ ಇದೆ. ನೀವು ದಿನಾ ಓದುವ ಪುಟವನ್ನು ತೆರೆದಿಟ್ಟು ಹಿಂದೆ ಹಿಂದೆ ನಡೆಯಿರಿ. ಅಕ್ಷರ ಕಷ್ಟಪಟ್ಟು ಓದುವಷ್ಟು ಸಣ್ಣದಾದ ಜಾಗದಲ್ಲಿ ನಿಲ್ಲಿ. ಆ ದೂರ ನೀವು ಕೂರುವ ದೂರದ ಮೂರರಷ್ಟಾದರೂ ಇರಬೇಕು. 50 ಸೆಂಟಿಮೀಟರ್‌ನಲ್ಲಿ ಕೂರುವವರು ಒಂದೂವರೆ ಮೀಟರ್ ದೂರದಿಂದಲೂ ಹೇಗೋ ಓದುವಂತಿರಬೇಕು. ನನಗೆ ಒಂದೇ ಹೆಜ್ಜೆಗೆ ಎಲ್ಲ ಮಸುಕಾಯಿತು.

ಸಣ್ಣ ಅಕ್ಷರದಿಂದ ನೋವು ಬರುವ ದಾರಿ ನೇರವಾಗಿದೆ. ಕಾಣದಿದ್ದರೆ ನಾವು ಬಾಗುತ್ತೇವೆ. 60 ಸೆಂಟಿಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಲು ಕಣ್ಣಿಗೆ 1.67 ಡಯಾಪ್ಟರ್ (ಲೆನ್ಸ್ ಪವರ್‌ನ ಅಳತೆ) ಶಕ್ತಿ ಬೇಕು. 30ಕ್ಕೆ ಬಂದರೆ 3.33, ಸರಿಯಾಗಿ ಎರಡು ಪಟ್ಟು. ಜೊತೆಗೆ ಎರಡೂ ಕಣ್ಣು ಒಳಕ್ಕೆ ಜಾಸ್ತಿ ತಿರುಗಬೇಕು. ಕಣ್ಣು ಕಿರಿದು ಮಾಡಿ ನೋಡುತ್ತೇವೆ, ಆಗ ರೆಪ್ಪೆ ಮಿಟುಕಿಸುವುದೂ ಕಮ್ಮಿಯಾಗುತ್ತದೆ. ನೋಡಿ, ಒಂದು ತಪ್ಪಿನಿಂದ ಮೂರು ನೋವು.

ಸರಿಮಾಡುವುದು ಸುಲಭ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲಿ ಸ್ಕೇಲ್. ರೆಸಲ್ಯೂಷನ್ ಮುಟ್ಟಬೇಡಿ, ‘ರೆಕಮೆಂಡೆಡ್’ ಅಂತ ಇರುವುದೇ ಇರಲಿ. ಸ್ಕೇಲ್ ಮಾತ್ರ ಏರಿಸಿ. ಮ್ಯಾಕ್‌ನಲ್ಲಿ ಡಿಸ್‌ಪ್ಲೇಸ್ ಒಳಗೆ ‘ಲಾರ್ಜರ್ ಟೆಕ್ಸ್ಟ್’ ಕಡೆಗೆ ಒಂದು ಹೆಜ್ಜೆ. ಲಿನಕ್ಸ್‌ನ ಗ್ನೋಮ್‌ನಲ್ಲೂ ಡಿಸ್‌ಪ್ಲೇಸ್ ಒಳಗೇ ಸ್ಕೇಲ್ ಇದೆ. ಇಡೀ ಸ್ಕ್ರೀನ್ ದೊಡ್ಡದಾಗುವುದು ಬೇಡ, ಅಕ್ಷರ ಮಾತ್ರ ಸಾಕು ಅನ್ನುವವರಿಗೆ ವಿಂಡೋಸ್ 11ರ ಆಕ್ಸೆಸಿಬಿಲಿಟಿಯಲ್ಲಿ ‘ಟೆಕ್ಸ್ಟ್ ಸೈಜ್’ ಇದೆ. ಜಾಗ ಕಮ್ಮಿಯಾಯಿತು ಅಂತ ಮೊದಲ ದಿನ ಬೇಜಾರಾಗುತ್ತದೆ. ಮೂರನೇ ದಿನಕ್ಕೆ ಮರೆತುಹೋಗುತ್ತದೆ.

ಕನ್ನಡ ಜಾಸ್ತಿ ಓದುವವರು ಇನ್ನೂ ಒಂದು ಹೆಜ್ಜೆ ಮೇಲೆ ಹೋಗಿ. ಒಂದೇ ಫಾಂಟ್ ಸೈಜ್‌ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಸಿಗುವ ಜಾಗದಲ್ಲಿ ಕನ್ನಡ ಅಕ್ಷರ, ಗುಣಿತ, ಒತ್ತು ಮೂರನ್ನೂ ತುರುಕಬೇಕು. ಹಾಗಾಗಿ ಮೂಲ ಅಕ್ಷರವೇ ಕುಗ್ಗಿರುತ್ತದೆ. ಬ್ರೌಸರ್‌ನಲ್ಲಿ ಕನ್ನಡಕ್ಕೆ ಬೇರೆ ಫಾಂಟ್ ಆರಿಸುವ ಅವಕಾಶ ಇದ್ದರೆ ನೋಟೋ ಸಾನ್ಸ್ ಕನ್ನಡ ಹಾಕಿ ನೋಡಿ. ತೀರಾ ತೆಳ್ಳನೆಯ ಗೆರೆಯ ಫಾಂಟ್‌ಗಳು ಪೋಸ್ಟರ್‌ಗೆ ಚೆನ್ನ, ಓದಲು ಅಲ್ಲ.

ದೊಡ್ಡದಿದೆ, ಆದರೂ ಮಸುಕು

ಅಕ್ಷರದ ಗಾತ್ರ ಸರಿಯಿದ್ದೂ ಕಣ್ಣು ಹಿಗ್ಗಿಸಿ ನೋಡುವಂತಾಗಿದ್ದರೆ ಅಂಚನ್ನು ನೋಡಿ. ಎರಡು ಕಿಟಕಿ ಪಕ್ಕಪಕ್ಕ ತೆರೆಯಿರಿ. ಒಂದು ಬ್ರೌಸರ್, ಇನ್ನೊಂದು ನಿಮಗೆ ತೊಂದರೆ ಕೊಡುವ ಆ್ಯಪ್. ಬ್ರೌಸರ್ ಚೂಪಾಗಿದ್ದು ಆ್ಯಪ್ ಮಾತ್ರ ಸೋಪಿನ ನೀರಿನಲ್ಲಿ ಅದ್ದಿದ ಹಾಗಿದ್ದರೆ ಸ್ಕ್ರೀನ್‌ನಲ್ಲಿ ದೋಷ ಇಲ್ಲ. ಆ ಆ್ಯಪ್‌ಗೆ ಹೈ-ರೆಸಲ್ಯೂಷನ್ ಗೊತ್ತಿಲ್ಲ. ಅದು ಸಣ್ಣ ಚಿತ್ರ ಬರೆದುಕೊಡುತ್ತದೆ, ವಿಂಡೋಸ್ ಅದನ್ನು ಎಳೆದು ದೊಡ್ಡದು ಮಾಡುತ್ತದೆ. ಸ್ಕ್ರೀನ್‌ಗೊಂದು ಸ್ಕೇಲ್ ಅನ್ನುವ ಸೌಲಭ್ಯ ವಿಂಡೋಸ್‌ಗೆ ಬಂದದ್ದೇ 2013ರಲ್ಲಿ, 8.1 ಜೊತೆ. ಅದಕ್ಕಿಂತ ಹಳೆಯ ಕಾಲದ ಆ್ಯಪ್‌ಗಳಿಂದ ಜಾಸ್ತಿ ನಿರೀಕ್ಷೆ ಬೇಡ.

ಮದ್ದು ಇದೆ. ಆ್ಯಪ್‌ನ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಕೆಳಗೆ ‘ಓವರ್‌ರೈಡ್’ ಟಿಕ್ ಮಾಡಿ ಮೊದಲು ‘ಸಿಸ್ಟಮ್ ಎನ್‌ಹಾನ್ಸ್‌ಡ್’ ಆರಿಸಿ. ಸರಿಯಾಗದಿದ್ದರೆ ‘ಅಪ್ಲಿಕೇಷನ್’. ಎರಡನೆಯದರಲ್ಲಿ ಅಕ್ಷರ ಚೂಪಾಗುತ್ತದೆ, ಆದರೆ ಕೆಲವು ಆ್ಯಪ್‌ಗಳಲ್ಲಿ ಬಟನ್‌ಗಳು ಇರುವೆಯಷ್ಟಾಗುತ್ತವೆ. ಲಿನಕ್ಸ್‌ನಲ್ಲಿ ವೇಲ್ಯಾಂಡ್ (ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆ, ಎಕ್ಸ್11 ಹಳೆಯದು) ಜೊತೆ 125% ಥರದ ಸ್ಕೇಲ್ ಇಟ್ಟಾಗ ಹಳೆಯ ಎಕ್ಸ್11 ಆ್ಯಪ್‌ಗಳದ್ದೂ ಇದೇ ಕತೆ. 200% ಇಟ್ಟು ಫಾಂಟ್ ಗಾತ್ರ ಸ್ವಲ್ಪ ಇಳಿಸುವುದು ಅಲ್ಲಿ ವಾಸಿ.

ಎಲ್ಲವೂ ಮಸುಕಾಗಿದ್ದರೆ? ರೆಸಲ್ಯೂಷನ್ ಇಳಿಸಿಟ್ಟಿದ್ದೀರಾ ನೋಡಿ, ನನ್ನ ಹಾಗೆ. 3840×2160 ಅನ್ನು 1920×1080 ಮಾಡಿದರೆ ಒಂದು ಪಿಕ್ಸೆಲ್‌ಗೆ ಸರಿಯಾಗಿ ನಾಲ್ಕು ಬರುತ್ತದಲ್ಲ, ಮಸುಕಾಗಬಾರದಲ್ಲ ಅಂತ ನನ್ನ ವಾದವಾಗಿತ್ತು. ಕಾಗದದ ಮೇಲೆ ಸರಿ. ಆದರೆ ಹಿಗ್ಗಿಸುವ ಕೆಲಸ ಮಾಡುವ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸಿ ನಯ ಮಾಡುತ್ತದೆ, ಅಂಚು ಮೆತ್ತಗಾಗುತ್ತದೆ. ದುಡ್ಡು ಕೊಟ್ಟು ತಂದ ಚೂಪನ್ನು ಕೈಯಾರೆ ಒರೆಸಿ ಹಾಕಿದ್ದೆ.

ಹೊರಗಿನ ಮಾನಿಟರ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಲ್ಯಾಪ್‌ಟಾಪ್ ಇಂಚಿಗೆ 250, ಪಕ್ಕದ ಮಾನಿಟರ್ ಇಂಚಿಗೆ 90 ಇದ್ದರೆ ಕಣ್ಣು ದಿನವಿಡೀ ಎರಡು ಲೋಕಗಳ ನಡುವೆ ಓಡಾಡುತ್ತದೆ. ಎರಡರಲ್ಲೂ ಅಕ್ಷರ ಅಳೆದು, ಕೂರುವ ದೂರಕ್ಕೆ ಸರಿಹೊಂದಿಸಿ. ಬೆಳಕೂ ಒಂದೇ ಥರ ಇರಲಿ. ಮ್ಯಾಕ್‌ನಲ್ಲಿ 2018ರ ಮೊಹಾವಿ ಆವೃತ್ತಿಯಿಂದ ಅಕ್ಷರದ ಅಂಚನ್ನು ಉಪ-ಪಿಕ್ಸೆಲ್ (ಪಿಕ್ಸೆಲ್ ಒಳಗಿನ ಕೆಂಪು, ಹಸಿರು, ನೀಲಿ ಚುಕ್ಕೆ) ಲೆಕ್ಕದಲ್ಲಿ ನಯ ಮಾಡುವ ಪದ್ಧತಿ ಹೋಯಿತು. ಹಾಗಾಗಿ ಸಾಮಾನ್ಯ ಮಾನಿಟರ್‌ಗೆ ಮ್ಯಾಕ್ ಜೋಡಿಸಿದರೆ ಅಕ್ಷರ ಒಂಥರಾ ಕಳೆಗುಂದಿದ ಹಾಗೆ ಕಾಣುತ್ತದೆ. ಆಗ ಬೈಸಿಕೊಳ್ಳಬೇಕಾದದ್ದು ಕಮ್ಮಿ ಪಿಕ್ಸೆಲ್, ಜಾಸ್ತಿ ಪಿಕ್ಸೆಲ್ ಅಲ್ಲ. ಹಾಗೆಯೇ 4ಕೆ ಮಾನಿಟರ್‌ನಲ್ಲಿ ಮೌಸ್ ಬಾಣ ತಡವರಿಸುತ್ತಿದ್ದರೆ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ (ಎಷ್ಟು ಹರ್ಟ್ಸ್) ಚಿತ್ರ ಹೊಸದಾಗುತ್ತದೆ ಅನ್ನುವುದನ್ನು ನೋಡಿ. ಹಳೆಯ ಎಚ್‌ಡಿಎಂಐ 1.4 ಪೋರ್ಟ್‌ನಲ್ಲಿ 4ಕೆ ಹೋಗುವುದು 30 ಹರ್ಟ್ಸ್‌ನಲ್ಲಿ ಮಾತ್ರ.

ಕಾಣದ ಮಿನುಗು

ಈ ಭಾಗ ನನಗೆ ಸ್ವಲ್ಪ ಇಷ್ಟದ್ದು. ಯಾಕೆಂದರೆ ಇಲ್ಲಿ ದೂರು ಕೊಡುವವರನ್ನು ಯಾರೂ ನಂಬುವುದಿಲ್ಲ. ‘ನನಗೇನೂ ಕಾಣ್ತಿಲ್ಲಪ್ಪ’ ಅನ್ನುತ್ತಾರೆ.

ಬ್ರೈಟ್‌ನೆಸ್ ಇಳಿಸಲು ಎರಡು ದಾರಿ ಇವೆ. ಒಂದು, ನಿಜವಾಗಿಯೂ ಕರೆಂಟ್ ಕಮ್ಮಿ ಮಾಡುವುದು. ಇನ್ನೊಂದು, ಬೆಳಕನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸಿ ‘ಮಂದವಾಗಿದೆ’ ಅನ್ನಿಸುವ ಹಾಗೆ ಮಾಡುವುದು. ಎರಡನೆಯದಕ್ಕೆ ಪಿಡಬ್ಲ್ಯುಎಂ ಅನ್ನುತ್ತಾರೆ. ಬ್ರೈಟ್‌ನೆಸ್ ಇಳಿಸಿದಷ್ಟೂ ಆರಿರುವ ಹೊತ್ತು ಜಾಸ್ತಿ. ಹಳೆಯ ಎಲ್‌ಇಡಿ ಸ್ಕ್ರೀನ್‌ಗಳಲ್ಲಿ ಸುಮಾರು 200 ಹರ್ಟ್ಸ್‌ನ ಮಿನುಗು ಇರುತ್ತಿತ್ತು. ಲ್ಯಾಪ್‌ಟಾಪ್ ಓಎಲ್‌ಇಡಿಗಳಲ್ಲಿ 240 ಹರ್ಟ್ಸ್ ಸಾಮಾನ್ಯ, ಹೊಸದರಲ್ಲಿ ಇನ್ನೂ ಮೇಲಿನವೂ ಇವೆ. ಇಷ್ಟು ವೇಗದ ಮಿನುಗು ನೇರವಾಗಿ ಕಾಣುವುದಿಲ್ಲ. ಆದರೆ ಕಣ್ಣು ಸಾಲಿನಿಂದ ಸಾಲಿಗೆ ಜಿಗಿಯುವಾಗ ಅದರ ಗುರುತು ಬೀಳುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತದೆ. ಎಲ್‌ಇಡಿ ಬೆಳಕಿನ ಮಿನುಗಿನಿಂದ ಆರೋಗ್ಯಕ್ಕೆ ಆಗಬಹುದಾದ ತೊಂದರೆ ಬಗ್ಗೆ ಐಇಇಇ ಸಂಸ್ಥೆ 2015ರಲ್ಲಿ 1789 ಅನ್ನುವ ಮಾರ್ಗಸೂಚಿಯನ್ನೇ ತಂದಿದೆ. ಹಾಗಾಗಿ ಇದು ಬರೀ ಮನಸ್ಸಿನ ಭ್ರಮೆ ಅಲ್ಲ.

ಹೈ-ರೆಸಲ್ಯೂಷನ್‌ಗೂ ಇದಕ್ಕೂ ಏನು ನಂಟು? ಏನೂ ಇಲ್ಲ. ದುಬಾರಿ ಮಾದರಿಗಳಲ್ಲಿ ಜಾಸ್ತಿ ಪಿಕ್ಸೆಲ್ ಮತ್ತು ಓಎಲ್‌ಇಡಿ ಎರಡೂ ಜೊತೆಯಾಗಿ ಬರುತ್ತವೆ, ಅಷ್ಟೇ. ಬೈಸಿಕೊಳ್ಳುವುದು ಮಾತ್ರ ಪಿಕ್ಸೆಲ್.

ಪರೀಕ್ಷೆ ಒಂದು: ರಾತ್ರಿ ಕೋಣೆಯ ದೀಪ ಆರಿಸಿ. ಸ್ಕ್ರೀನ್ ತುಂಬ ಬಿಳಿ ಪುಟ ಇಟ್ಟು ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ. ಸ್ಕ್ರೀನ್ ಮುಂದೆ ಒಂದು ಪೆನ್ನನ್ನು ಬೀಸಣಿಗೆ ಥರ ಬೇಗಬೇಗ ಅಲ್ಲಾಡಿಸಿ. ಪೆನ್ನು ನಯವಾದ ಮಬ್ಬು ಪಟ್ಟಿಯಾಗಿ ಕಂಡರೆ ಒಳ್ಳೆಯದು. ಬಿಡಿಬಿಡಿಯಾಗಿ ಹತ್ತಾರು ಪೆನ್ನು ಕಂಡರೆ ಮಿನುಗು ಇದೆ.

ಪರೀಕ್ಷೆ ಎರಡು: ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು ಸೆಕೆಂಡಿನ 1/1000 ಅಥವಾ ಇನ್ನೂ ಚುರುಕಾಗಿ ಇಟ್ಟು ಬಿಳಿ ಪುಟ ನೋಡಿ. ದಪ್ಪ ಕಪ್ಪು ಪಟ್ಟೆಗಳು ಕಂಡು, ಬ್ರೈಟ್‌ನೆಸ್ ಇಳಿಸಿದಂತೆ ಅವು ಇನ್ನೂ ದಪ್ಪವಾದರೆ ಪಿಡಬ್ಲ್ಯುಎಂ. ಓಎಲ್‌ಇಡಿಯಲ್ಲಿ ಒಂದೇ ಒಂದು ತೆಳು ಪಟ್ಟೆ ಓಡುತ್ತಿದ್ದರೆ ಅದು ಚಿತ್ರ ಹೊಸದಾಗುವಾಗ ಬೆಳಕಿನಲ್ಲಿ ಆಗುವ ಸಣ್ಣ ಕುಸಿತ. ಅದಕ್ಕೆ ಗಾಬರಿ ಬೇಡ.

ಮಿನುಗು ಇದ್ದರೆ ಏನು ಮಾಡುವುದು? ಬ್ರೈಟ್‌ನೆಸ್ ಪೂರ್ತಿ ಏರಿಸಿ. ಪೂರ್ತಿ ಇದ್ದಾಗ ಸಾಮಾನ್ಯವಾಗಿ ಆರಿಸುವ ಆಟ ನಿಲ್ಲುತ್ತದೆ, ಇಲ್ಲವೇ ತೀರಾ ಕಮ್ಮಿಯಾಗುತ್ತದೆ. ಆಮೇಲೆ ಕಣ್ಣಿಗೆ ಬೇಕಾದಷ್ಟು ಮಂದ ಮಾಡಲು ಸಾಫ್ಟ್‌ವೇರ್ ಬಳಸಿ, ಅಂದರೆ ಚಿತ್ರದ ಬಣ್ಣವನ್ನೇ ಕಪ್ಪಾಗಿಸುವ ಆ್ಯಪ್. ಕೆಲವು ತಯಾರಕರು ಓಎಲ್‌ಇಡಿ ಜೊತೆ ‘ಫ್ಲಿಕರ್-ಫ್ರೀ ಡಿಮ್ಮಿಂಗ್’ ಅಂತ ಇದನ್ನೇ ತಮ್ಮ ಆ್ಯಪ್‌ನಲ್ಲಿ ಕೊಟ್ಟಿರುತ್ತಾರೆ. ಎರಡು ದಿನ ಹೀಗೆ ನಡೆಸಿ ನೋವು ಹೋದರೆ ಕಳ್ಳ ಸಿಕ್ಕಿದ.

ಇದರ ತಮ್ಮನೊಬ್ಬ ಇದ್ದಾನೆ. ಕಪ್ಪು ಕಿಟಕಿಯಿಂದ ಬಿಳಿ ಕಿಟಕಿಗೆ ಹೋದಾಗ ಸ್ಕ್ರೀನ್ ತಾನಾಗಿ ನಿಧಾನಕ್ಕೆ ಬೆಳಗುವುದು, ಮಂಕಾಗುವುದು. ಬ್ಯಾಟರಿ ಉಳಿಸಲು ಇಂಟೆಲ್, ಎಎಂಡಿ ಗ್ರಾಫಿಕ್ಸ್ ಎರಡರಲ್ಲೂ ಇಂಥ ಸೌಲಭ್ಯ ಇದೆ. ಎಎಂಡಿಯಲ್ಲಿ ಅದಕ್ಕೆ ವೇರಿ-ಬ್ರೈಟ್ ಅನ್ನುತ್ತಾರೆ. ವಿಂಡೋಸ್‌ನ ಡಿಸ್‌ಪ್ಲೇ ಪುಟದಲ್ಲೂ ಬ್ರೈಟ್‌ನೆಸ್ ಕೆಳಗೆ ಒಂದು ಆಯ್ಕೆ ಇರಬಹುದು. ಅದನ್ನು ಆಫ್ ಮಾಡಿಬಿಡಿ.

ಬೆಳಕು ಮತ್ತು ಕನ್ನಡಿ

ಸ್ಕ್ರೀನ್ ಪಕ್ಕ ಒಂದು ಬಿಳಿ ಹಾಳೆ ಹಿಡಿಯಿರಿ. ಸ್ಕ್ರೀನ್‌ನ ಬಿಳಿ ದೀಪದ ಹಾಗೆ ಉರಿಯುತ್ತಿದ್ದರೆ ಇಳಿಸಿ, ಬೂದಿ ಬಣ್ಣಕ್ಕೆ ಕಂಡರೆ ಏರಿಸಿ. ಕತ್ತಲಲ್ಲಿ ಕೂತು ಕೆಲಸ ಮಾಡುವವರಿಗೆ ಉಪಾಯ ಸ್ಕ್ರೀನ್ ಇಳಿಸುವುದಲ್ಲ, ಹಿಂದೊಂದು ದೀಪ ಹಚ್ಚುವುದು.

ಆಮೇಲೆ ಸ್ಕ್ರೀನ್ ಆರಿಸಿ, ಮಾಮೂಲಿ ಜಾಗದಲ್ಲೇ ಕೂತು ಆ ಕಪ್ಪನ್ನು ನೋಡಿ. ಏನು ಕಾಣುತ್ತದೆ? ಕಿಟಕಿ, ಟ್ಯೂಬ್‌ಲೈಟ್, ನಿಮ್ಮದೇ ಮುಖ? ಸ್ಕ್ರೀನ್ ಹೊತ್ತಿರುವಾಗಲೂ ಅವೆಲ್ಲ ಅಲ್ಲೇ ಇರುತ್ತವೆ. ಹಿಂದಿನ ಕಿಟಕಿಯ ಪ್ರತಿಬಿಂಬ ಕಣ್ಣಿನ ಲೆಕ್ಕದಲ್ಲಿ ಮೀಟರ್‌ಗಟ್ಟಲೆ ದೂರ, ಅಕ್ಷರ ಅರ್ಧ ಮೀಟರ್. ಕಣ್ಣು ಎರಡರ ನಡುವೆ ಜಗ್ಗಾಡುತ್ತದೆ. ಕಿಟಕಿ ಪಕ್ಕಕ್ಕೆ ಬರುವ ಹಾಗೆ ತಿರುಗಿ ಕೂತರೆ ಮುಕ್ಕಾಲು ಪಾಲು ಹೋಗುತ್ತದೆ. ಮ್ಯಾಟ್ ಫಿಲ್ಮ್ ಅಂಟಿಸಬಹುದು, ಆದರೆ ಒತ್ತಾದ ಪಿಕ್ಸೆಲ್ ಮೇಲೆ ಒರಟು ಫಿಲ್ಮ್ ಕೂತರೆ ಬಿಳಿ ಜಾಗದಲ್ಲಿ ಸಕ್ಕರೆ ಚೆಲ್ಲಿದ ಹಾಗೆ ಮಿಣಿಮಿಣಿ ಕಾಣುತ್ತದೆ. ಅದು ಇನ್ನೊಂದು ತಲೆನೋವು.

ಡಾರ್ಕ್ ಮೋಡ್ ಎಲ್ಲರಿಗೂ ಮದ್ದಲ್ಲ. ಕಪ್ಪು ಹಿನ್ನೆಲೆಯಲ್ಲಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಸ್ವಲ್ಪ ಆಸ್ಟಿಗ್ಮ್ಯಾಟಿಸಂ (ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆ ಒಂದೇ ಥರ ಇಲ್ಲದ ದೋಷ) ಇದ್ದರೂ ಬಿಳಿ ಅಕ್ಷರದ ಸುತ್ತ ಪ್ರಭೆ ಹರಡುತ್ತದೆ. ಉದ್ದ ಓದಿಗೆ ಬಿಳಿಯ ಮೇಲೆ ಕಪ್ಪೇ ವಾಸಿ. ನೀಲಿ ಬೆಳಕಿನ ಕನ್ನಡಕದ ಬಗ್ಗೆ ಒಂದೇ ಮಾತು: 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2023ರ ಕೋಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸುವ ಸಂಸ್ಥೆ) ವಿಮರ್ಶೆಯ ಪ್ರಕಾರ ಕಣ್ಣಿನ ಆಯಾಸದಲ್ಲಿ ಅದರಿಂದ ಬಹುಶಃ ವ್ಯತ್ಯಾಸವೇ ಆಗುವುದಿಲ್ಲ.

ಸ್ಕ್ರೀನ್ ಬಿಡಿ, ಕಣ್ಣು ನೋಡಿ

ಇಲ್ಲಿಯವರೆಗೆ ಏನೂ ಸಿಗಲಿಲ್ಲವಾ? ಹಾಗಾದರೆ ಲ್ಯಾಪ್‌ಟಾಪ್ ಮುಚ್ಚಿ. ಅಷ್ಟೇ ದೂರದಲ್ಲಿ, ಅಷ್ಟೇ ಹೊತ್ತು ಒಂದು ಅಚ್ಚಾದ ಪುಸ್ತಕ ಓದಿ. ಅಲ್ಲೂ ನೋವು ಬಂದರೆ ಸ್ಕ್ರೀನ್‌ನ ಹೆಸರನ್ನು ದೂರಿನಿಂದ ತೆಗೆದುಬಿಡಿ.

ಇನ್ನೊಂದು ಸುಲಭದ ಪರೀಕ್ಷೆ. ನೋವು ಶುರುವಾದಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಐದು ನಿಮಿಷ ಓದಿ. ತಕ್ಷಣ ಹಗುರ ಅನ್ನಿಸಿದರೆ ಎರಡೂ ಕಣ್ಣು ಒಂದೇ ಕಡೆ ಕೂರಲು ಹೆಣಗುತ್ತಿರಬಹುದು. ಇದನ್ನು ಹಾಗೇ ಕಣ್ಣಿನ ಡಾಕ್ಟರಿಗೆ ಹೇಳಿ, ಅವರಿಗೆ ಉಪಯೋಗಕ್ಕೆ ಬರುತ್ತದೆ.

ಕನ್ನಡಕದ ವಿಷಯಕ್ಕೆ ಬಂದರೆ, ಲ್ಯಾಪ್‌ಟಾಪ್ ಇರುವುದು ಒಂಥರಾ ತ್ರಿಶಂಕುವಿನ ಜಾಗದಲ್ಲಿ. ಪುಸ್ತಕದಷ್ಟು ಹತ್ತಿರವೂ ಅಲ್ಲ, ಟಿವಿಯಷ್ಟು ದೂರವೂ ಅಲ್ಲ. ನಲವತ್ತು ದಾಟಿದವರ ಓದುವ ಕನ್ನಡಕ ಸಾಮಾನ್ಯವಾಗಿ 40 ಸೆಂಟಿಮೀಟರ್‌ಗೆ ಮಾಡಿರುತ್ತಾರೆ. 60ರಲ್ಲಿ ಸ್ಕ್ರೀನ್ ಇಟ್ಟರೆ ತಾನಾಗಿ ಮುಂದಕ್ಕೆ ಬಾಗುತ್ತೇವೆ. ಪ್ರೋಗ್ರೆಸಿವ್ ಲೆನ್ಸ್ (ದೂರ, ಮಧ್ಯ, ಹತ್ತಿರ ಮೂರಕ್ಕೂ ಒಂದೇ ಗಾಜು) ಆದರೆ ಮಧ್ಯದ ದೂರಕ್ಕೆ ಇರುವ ಪಟ್ಟಿ ಕಿರಿದು, ಗದ್ದ ಎತ್ತಿ ಹುಡುಕಬೇಕು. ನನ್ನದೂ ಇದೇ ಆಗಿತ್ತು. ಟೇಪಿನಲ್ಲಿ ಕಣ್ಣಿನಿಂದ ಸ್ಕ್ರೀನ್‌ಗೆ ಅಳೆದು, 56 ಸೆಂಟಿಮೀಟರ್ ಅಂತ ಚೀಟಿಯಲ್ಲಿ ಬರೆದುಕೊಂಡು ಹೋದೆ. ಆ ದೂರಕ್ಕೇ ಅಂತ ಒಂದು ಕನ್ನಡಕ ಮಾಡಿಸಿದ ಮೇಲೆ ಉಳಿದರ್ಧ ನೋವು ಹೋಯಿತು. ಚಿಕ್ಕವರೂ ‘ನನಗೆ ದೃಷ್ಟಿ ಚೆನ್ನಾಗಿದೆ’ ಅಂತ ಬಿಡಬೇಡಿ. ಸ್ವಲ್ಪ ಪ್ಲಸ್ ಪವರ್ ಇದ್ದರೆ ಎಳೆಯ ಕಣ್ಣು ದಿನವಿಡೀ ಅದನ್ನು ಬಚ್ಚಿಟ್ಟು ದುಡಿಯುತ್ತದೆ, ಸಂಜೆಗೆ ಬಿಲ್ ಕಳಿಸುತ್ತದೆ.

ಉರಿ ಜಾಸ್ತಿ ಇರುವವರು ರೆಪ್ಪೆ ಗಮನಿಸಿ. ಮಾತಾಡುವಾಗ ನಿಮಿಷಕ್ಕೆ 15–20 ಸಲ ಮಿಟುಕಿಸುವವರು ಸ್ಕ್ರೀನ್ ಮುಂದೆ ಅದರ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತಾರೆ. ಅದರಲ್ಲೂ ಅರ್ಧಂಬರ್ಧ ಮುಚ್ಚುವುದೇ ಜಾಸ್ತಿ. ಫ್ಯಾನ್ ಅಥವಾ ಎಸಿ ಗಾಳಿ ಮುಖಕ್ಕೆ ಹೊಡೆಯದ ಹಾಗೆ ಮಾಡಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡುವುದು ನೆನಪಿಡಲು ಸುಲಭ. ಲ್ಯಾಪ್‌ಟಾಪ್ ತಗ್ಗಿನಲ್ಲಿದ್ದರೆ ರೆಪ್ಪೆ ಅರ್ಧ ಇಳಿದಿರುತ್ತದೆ, ಕಣ್ಣು ಕಮ್ಮಿ ಒಣಗುತ್ತದೆ. ಸ್ಟ್ಯಾಂಡ್ ಮೇಲೆ ಎತ್ತರಿಸಿದರೆ ಕುತ್ತಿಗೆಗೆ ಒಳ್ಳೆಯದು, ಕಣ್ಣಿಗೆ ಅಲ್ಲ. ಸ್ಕ್ರೀನ್‌ನ ಮೇಲಂಚು ಕಣ್ಣಿಗಿಂತ ಒಂಚೂರು ಕೆಳಗಿದ್ದರೆ ಇಬ್ಬರಿಗೂ ಸಮಾಧಾನ.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ದೃಷ್ಟಿ ಕಮ್ಮಿಯಾಗುವುದು, ಮಿಂಚು ಹೊಡೆದ ಹಾಗೆ ಕಾಣುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾಗುವುದು, ಎರಡೆರಡು ಕಾಣುವುದು, ದೀಪದ ಸುತ್ತ ಬಣ್ಣದ ಬಳೆ ಜೊತೆಗೆ ಜೋರು ನೋವು, ಇವು ಯಾವುವೂ ಲ್ಯಾಪ್‌ಟಾಪ್ ದೋಷ ಅಲ್ಲ. ಸ್ಕೇಲಿಂಗ್ ಬದಲಾಯಿಸುತ್ತಾ ಕೂರಬೇಡಿ, ಆವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಎಲ್ಲ ಮಾಡಿದರೂ ಆಗಲಿಲ್ಲ ಅಂದರೆ

ಅಂಥವರೂ ಇದ್ದಾರೆ. ಅಕ್ಷರ ಅಳತೆಗೆ ಸರಿ, ಮಿನುಗು ಇಲ್ಲ, ಕನ್ನಡಕ ಹೊಸದು, ಆದರೂ ಆ ಒಂದು ಸ್ಕ್ರೀನ್ ಮಾತ್ರ ಆಗಿಬರುವುದಿಲ್ಲ. ಉಳಿದ ಅನುಮಾನಗಳು ಸಣ್ಣವು. ಕೆಲವು ಸ್ಕ್ರೀನ್‌ಗಳು ಇಲ್ಲದ ಬಣ್ಣ ತೋರಿಸಲು ಎರಡು ಹತ್ತಿರದ ಬಣ್ಣಗಳ ನಡುವೆ ಪಿಕ್ಸೆಲ್‌ಗಳನ್ನು ಬೇಗಬೇಗ ಅದಲುಬದಲು ಮಾಡುತ್ತವೆ. ಕೆಲವು ಓಎಲ್‌ಇಡಿಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳ ಜೋಡಣೆಯೇ ಬೇರೆ, ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಬೀಳುತ್ತದೆ. ಇದಕ್ಕೆ ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ (ಅಕ್ಷರದ ಅಂಚು ನಯ ಮಾಡುವ ಸೌಲಭ್ಯ) ಅಂತ ಹುಡುಕಿ, ಅದನ್ನು ಆಫ್ ಮಾಡಿ ನೋಡಬಹುದು. ಒಂದರ ಮೇಲೆ ಒಂದು ಇಂಥವನ್ನೇ ಕೆದಕುತ್ತಾ ತಿಂಗಳು ಕಳೆಯುವ ಬದಲು, ವಾಪಸ್ ಕೊಡುವ ಗಡುವು ಇನ್ನೂ ಇದ್ದರೆ ಕೊಟ್ಟುಬಿಡುವುದೇ ಜಾಣತನ.

ಬೇರೆ ಲ್ಯಾಪ್‌ಟಾಪ್ ನೋಡಲು ಹೋಗುವಾಗ ಸ್ಕೇಲು ಜೇಬಿನಲ್ಲಿರಲಿ. ಹೋಲಿಸುವ ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ಅಕ್ಷರವನ್ನು ಒಂದೇ ಮಿಲಿಮೀಟರ್ ಅಳತೆಗೆ ತಂದು, ಒಂದೇ ದೂರದಲ್ಲಿ ಕೂತು, ಬ್ರೈಟ್‌ನೆಸ್ ನೀವು ಮನೆಯಲ್ಲಿ ಇಡುವಷ್ಟಕ್ಕೇ ಇಳಿಸಿ ಹೋಲಿಸಿ. ಪ್ರದರ್ಶನಕ್ಕೆ ಇಟ್ಟ ಲ್ಯಾಪ್‌ಟಾಪ್‌ಗಳ ಬ್ರೈಟ್‌ನೆಸ್ ಸಾಮಾನ್ಯವಾಗಿ ಪೂರ್ತಿ ಏರಿಸಿಟ್ಟಿರುತ್ತಾರೆ. ಅಲ್ಲಿ ಪೆನ್ನು ಬೀಸಿದರೂ ಮಿನುಗು ಸಿಕ್ಕುವುದಿಲ್ಲ.